ಹವಳದ ತೊಟ್ಟಿಗೆ ಎಂಥ ಮೀನು?

ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಬೆಳೆಸುವುದು ಅಮೆರಿಕ, ಯೂರೋಪುಗಳಲ್ಲಿ ಜನಪ್ರಿಯ ಹವ್ಯಾಸ. (ನಮ್ಮಲ್ಲಿ 2001ರಿಂದ ಕಲ್ಲುಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಕಡಲಿನಿಂದ ಕಿತ್ತು ತಂದು ಮಾರುವುದು ಅಪರಾಧ.) ಅಂಥ ತೊಟ್ಟಿಗೆ ಮೀನು ಆರಿಸುವಾಗ ನೀವು ನೋಡಬೇಕಾದದ್ದು ಬಣ್ಣವನ್ನಲ್ಲ, ಬಾಯಿಯನ್ನು.

ಏಕೆ ಗೊತ್ತೆ? ಹವಳ ಕಲ್ಲಲ್ಲ, ಪ್ರಾಣಿ. ಸುಣ್ಣದ ಗೂಡುಗಳಲ್ಲಿ ಪಾಲಿಪ್ ಎಂಬ ಮೆತ್ತನೆಯ ಪುಟ್ಟ ಜೀವಿಗಳಿರುತ್ತವೆ. ಅವುಗಳ ಅಂಗಾಂಶದೊಳಗೆ ಏಕಕೋಶ ಶೈವಲಗಳು ವಾಸಿಸುತ್ತವೆ. ಬೆಳಕನ್ನು ಬಳಸಿ ಈ ಶೈವಲಗಳು ತಯಾರಿಸುವ ಸಕ್ಕರೆಯೇ ಬಹುಪಾಲು ಕಲ್ಲುಹವಳಗಳ ಮುಖ್ಯ ಆಹಾರ. ಮೀನು ಪದೇ ಪದೇ ಕುಕ್ಕಿದರೆ ಪಾಲಿಪ್ ಗೂಡಿನೊಳಕ್ಕೆ ಮುದುಡುತ್ತದೆ. ಹರಡಿಕೊಳ್ಳದ ಅಂಗಾಂಶದ ಮೇಲೆ ಬೀಳುವ ಬೆಳಕು ಕಡಿಮೆ. ದೀಪ ಎಷ್ಟೇ ಪ್ರಖರವಾಗಿರಲಿ, ಹವಳ ಹಸಿವಿನಿಂದ ಸೊರಗುತ್ತದೆ.

ಅಂದದ ಚಿಟ್ಟೆಮೀನುಗಳನ್ನೇ ನೋಡಿ. ಇವುಗಳ ಕುಲನಾಮ ಕೀಟೊಡಾನ್. ಬಿರುಗೂದಲಿನಂಥ ಹಲ್ಲುಳ್ಳದ್ದು ಎಂದರ್ಥ. ಮೂತಿಯಂತೂ ಚಿಮಟ! ಇವುಗಳಲ್ಲೊಂದಾದ ಕೀಟೊಡಾನ್ ಟ್ರೈಫೇಸಿಯಾಲಿಸ್ ಹೆಚ್ಚುಕಡಿಮೆ ಅಕ್ರೊಪೊರ ಎಂಬ ಹವಳವೊಂದನ್ನೇ ತಿಂದು ಬದುಕುತ್ತದೆ. ಅದನ್ನು ತಂದರೆ ಮೊದಲು ಹವಳ ಹೋಗುತ್ತದೆ, ಬಳಿಕ ಮೀನು. ದೊಡ್ಡ ಏಂಜಲ್ ಮೀನುಗಳನ್ನೂ ನಂಬುವಂತಿಲ್ಲ.

ನೀರಿನಲ್ಲಿ ತೇಲುವ ಪ್ಲವಕಗಳನ್ನು ಹಿಡಿದು ತಿನ್ನುವ ಹಸಿರು ಕ್ರೋಮಿಸ್ ಮತ್ತು ಕ್ಲೌನ್ ಮೀನು ಸಾಮಾನ್ಯವಾಗಿ ನಿರಪಾಯ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಲು ಸಾಧ್ಯವಾದ್ದರಿಂದ ಕಡಲಿನಿಂದ ಹಿಡಿದು ತರಬೇಕಾಗಿಯೂ ಇಲ್ಲ. ಮ್ಯಾಂಡರಿನ್ ಮೀನು ಹವಳವನ್ನು ಮುಟ್ಟದು, ನಿಜ. ಆದರೆ ಅದರ ಆಹಾರ ಕೋಪಿಪಾಡ್‌ನಂಥ ಸೂಕ್ಷ್ಮ ಜೀವಿಗಳು. ಅವು ಇನ್ನೂ ಹೆಚ್ಚಿರದ ಹೊಸ ತೊಟ್ಟಿಯಲ್ಲಿ ಅದು ಉಪವಾಸದಿಂದ ಸಾಯುವುದೇ ಹೆಚ್ಚು. ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.