ಮೂವತ್ತು ದಿನಗಳ ಗಡುವು: ಫೇರ್‌ಗ್ರೋತ್ ಪ್ರಕರಣದಿಂದ ವರ್ತಕರಿಗೆ ಪಾಠ

1992ರ ಷೇರು ಹಗರಣವೆಂದರೆ ಮುಂಬಯಿಯ ಹರ್ಷದ್ ಮೆಹ್ತಾ ಹೆಸರು ಮೊದಲು ನೆನಪಾಗುತ್ತದೆ. ಆದರೆ ಅದರ ಒಂದು ಎಳೆ ಬೆಂಗಳೂರಿನವರೆಗೂ ಚಾಚಿತ್ತು. ಇಲ್ಲಿ ನೆಲೆಗೊಂಡಿದ್ದ ಫೇರ್‌ಗ್ರೋತ್ ಫೈನಾನ್ಷಿಯಲ್ ಸರ್ವಿಸಸ್ ಸಂಸ್ಥೆಯೂ ಹಗರಣದ ಸುಳಿಗೆ ಸಿಲುಕಿತು. ಆ ಸಂಸ್ಥೆಯಲ್ಲಿ ಹಣ ತೊಡಗಿಸಿದ್ದ ವಿಷಯ ಹೊರಬಂದಾಗ ಅಂದಿನ ಕೇಂದ್ರ ವಾಣಿಜ್ಯ ಸಚಿವ ಪಿ. ಚಿದಂಬರಂ 1992ರ ಜುಲೈಯಲ್ಲಿ ರಾಜೀನಾಮೆ ನೀಡಿದರು.

ಸಾಮಾನ್ಯ ದಾವೆಗಳಲ್ಲಿ ವಿವಾದಿತ ಆಸ್ತಿಯ ರಕ್ಷಣೆಗೆ ನ್ಯಾಯಾಲಯವು ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೆಯ ಆದೇಶದನ್ವಯ ರಿಸೀವರನ್ನು ನೇಮಿಸುತ್ತದೆ. ಷೇರು ಹಗರಣಕ್ಕಾಗಿ 1992ರಲ್ಲಿ ರಚಿತವಾದ ವಿಶೇಷ ನ್ಯಾಯಾಲಯ ಕಾಯ್ದೆ ಇದಕ್ಕಿಂತ ಕಠಿಣವಾದುದು. ಇದರಡಿ ಕೇಂದ್ರ ಸರ್ಕಾರವೇ ಕಸ್ಟೋಡಿಯನ್‌ನನ್ನು ನೇಮಿಸುತ್ತದೆ. ಅವನು ಯಾರ ಹೆಸರನ್ನು ಅಧಿಸೂಚಿಸುತ್ತಾನೋ ಅವರ ಸಮಸ್ತ ಆಸ್ತಿಯೂ ಆ ಕ್ಷಣವೇ ಜಪ್ತಿಯಾಗುತ್ತದೆ. ಬಾಧಿತರು ಆಕ್ಷೇಪವೆತ್ತಲು ದೊರೆಯುವ ಅವಧಿ ಕೇವಲ 30 ದಿನ.

ಗಡುವು ಮೀರಿದರೆ? ಈ ಪ್ರಶ್ನೆ ಫೇರ್‌ಗ್ರೋತ್ ಹೆಸರಿನದೇ ಇನ್ನೊಂದು ಕಂಪನಿಯಾದ ಫೇರ್‌ಗ್ರೋತ್ ಇನ್ವೆಸ್ಟ್‌ಮೆಂಟ್ಸ್‌ನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ವಿಳಂಬವನ್ನು ಮನ್ನಿಸುವ ಅಧಿಕಾರ ವಿಶೇಷ ನ್ಯಾಯಾಲಯಕ್ಕಿಲ್ಲವೆಂದು 2004ರಲ್ಲಿ ತೀರ್ಪಾಯಿತು. ಮೇಲ್ಮನವಿಯ ವಿಳಂಬಕ್ಕೆ ಅದೇ ಕಾಯ್ದೆಯಲ್ಲಿ ವಿನಾಯಿತಿಯುಂಟು; ಆಕ್ಷೇಪಣೆಗೆ ಇಲ್ಲ.

ಹಣ ಹಂಚಿಕೆಯ ಕ್ರಮವನ್ನೂ ವರ್ತಕರು ಅರಿತಿರಬೇಕು. ಮೊದಲು ಸರ್ಕಾರದ ತೆರಿಗೆ ಬಾಕಿ, ಬಳಿಕ ಬ್ಯಾಂಕು, ಹಣಕಾಸು ಸಂಸ್ಥೆ ಹಾಗೂ ಮ್ಯೂಚುವಲ್ ಫಂಡುಗಳು, ಕೊನೆಯಲ್ಲಿ ಇತರರು. ಸರಕು ಕೊಟ್ಟು ಬಿಲ್ಲಿನ ಹಣಕ್ಕೆ ಕಾದಿರುವ ಸಣ್ಣ ಉದ್ಯಮಿಯ ಸ್ಥಾನ ಈ ಕೊನೆಯ ಸಾಲಿನಲ್ಲಿ.

ಇದು ಹಳೆಯ ಕಥೆಯೆಂದು ಕಡೆಗಣಿಸುವಂತಿಲ್ಲ. ಗ್ರಾಹಕರ ಷೇರುಗಳ ದುರ್ಬಳಕೆಯ ಕಾರಣ ಹೈದರಾಬಾದಿನ ಕಾರ್ವಿ ಬ್ರೋಕಿಂಗ್ ಸಂಸ್ಥೆಯ ಮೇಲೆ ಸೆಬಿ 2019ರ ನವೆಂಬರಿನಲ್ಲಿ ನಿರ್ಬಂಧ ಹೇರಿತು.

ಶ್ರೀರಾಂಪುರದ ಕಾರ್ಖಾನೆಯ ಮಾಲೀಕರಾಗಲಿ, ಚಿಕ್ಕಪೇಟೆಯ ಸಗಟು ವ್ಯಾಪಾರಿಯಾಗಲಿ, ಮಿಗುತಾಯದ ಹಣವನ್ನು ಷೇರಿನಲ್ಲಿ ತೊಡಗಿಸುವಾಗ ಕೆಲವು ಎಚ್ಚರಿಕೆಗಳನ್ನು ಪಾಲಿಸುವುದು ಒಳಿತು. ಷೇರುಗಳು ಸ್ವಂತ ಡಿಮ್ಯಾಟ್ ಖಾತೆಯಲ್ಲಿಯೇ ಇರಲಿ. ಪ್ರತಿ ವ್ಯವಹಾರದ ಕಾಂಟ್ರ್ಯಾಕ್ಟ್ ನೋಟನ್ನು ಜೋಪಾನವಾಗಿಡಿ. ಡಿಪಾಸಿಟರಿಯಿಂದ ಬರುವ ತಃಖ್ತೆಯನ್ನು ಬ್ರೋಕರರ ಲೆಕ್ಕದೊಡನೆ ತಾಳೆ ನೋಡಿ. ಜಪ್ತಿಯ ನೋಟೀಸು ಬಂದರೆ ಅಂದೇ ವಕೀಲರನ್ನು ಕಾಣಿರಿ. ಗಡುವು ಕಳೆದ ಮೇಲೆ ಹಕ್ಕಿದ್ದರೂ ಅದನ್ನು ಕೇಳುವ ಬಾಗಿಲು ಮುಚ್ಚಿರುತ್ತದೆ.