ಉಲ್ಕೆ ಉರಿದರೂ ಶಿಲ್ಕು ಉಳಿಯುತ್ತದೆ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಎಷ್ಟೋ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ. ಅಂಗಡಿಯ ಲೆಕ್ಕ ಕೂಡಿಸಿ ಮಾಳಿಗೆ ಹತ್ತಿದರೆ ಆಕಾಶ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಹಾರಿ ಬಂದಂತೆ ಕಾಣುತ್ತವೆ. "ಚುಕ್ಕಿ ಬಿತ್ತು, ನೋಡಬೇಡ" ಎಂದು ಮಕ್ಕಳನ್ನು ಒಳಗೆ ಕರೆಯುವವರುಂಟು. ಬೀಳುವುದು ಚುಕ್ಕಿಯಲ್ಲ; ಫೇಥಾನ್ ಎಂಬ ಕ್ಷುದ್ರಗ್ರಹದ ಧೂಳು. ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ನುಗ್ಗಿ, ನೆಲದಿಂದ ಸುಮಾರು 100 ಕಿ.ಮೀ. ಮೇಲೆಯೇ ಉರಿದುಹೋಗುತ್ತದೆ.

ಉರಿದದ್ದು ಲೆಕ್ಕದಿಂದ ಅಳಿಯುವುದಿಲ್ಲ. ಆ ಎತ್ತರದಲ್ಲಿ 'ಇ' ಪದರವೆಂಬ ಎಲೆಕ್ಟ್ರಾನುಗಳ ಪದರವಿದೆ. ಹಗಲಲ್ಲಿ ಸೂರ್ಯಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುವುದು ಜಮೆ. ಅವು ಮತ್ತೆ ಅಯಾನುಗಳನ್ನು ಕೂಡುವುದು ಖರ್ಚು. ಸಂಜೆಗೆ ಜಮೆ ನಿಂತು ಪದರ ತೆಳುವಾಗುತ್ತದೆ. ಆದರೆ ಉಲ್ಕೆ ಬಿಟ್ಟ ಕಬ್ಬಿಣ, ಮೆಗ್ನೀಸಿಯಂ ಅಯಾನುಗಳು ಎಲೆಕ್ಟ್ರಾನನ್ನು ಬೇಗ ಕೂಡವು. ಅವೇ ರಾತ್ರಿಯ ಶಿಲ್ಕು. ಮೇಲಿನ ಗಾಳಿ ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ಬೀಸಿದಾಗ ಭೂಮಿಯ ಕಾಂತಬಲದಿಂದ ಇವು ಕೆಲವೇ ಕಿ.ಮೀ. ದಪ್ಪದ ಹಾಳೆಯಾಗಿ ಒತ್ತುತ್ತವೆ. ಆ ಹಾಳೆಗೆ ತಾಗಿದ ರೇಡಿಯೋ ಅಲೆ ನೆಲಕ್ಕೆ ಮರಳುತ್ತದೆ. ಎಂದೂ ಸಿಗದ ದೂರದ ಎಫ್.ಎಂ. ಕೇಂದ್ರ ಕೆಲ ಹೊತ್ತು ಕೇಳಿ ಮಾಯವಾಗುವುದುಂಟು.

ಇದನ್ನು ಅಳೆದವರಲ್ಲಿ ನಮ್ಮ ದೇಶದವರೂ ಮುಂಚೂಣಿಯಲ್ಲಿದ್ದರು. ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊ. ಶಿಶಿರ್ ಕುಮಾರ್ ಮಿತ್ರ ಮತ್ತು ಸಂಗಡಿಗರು ರೇಡಿಯೋ ಅಲೆಗಳನ್ನು ಮೇಲಕ್ಕೆ ಕಳಿಸಿ ಪ್ರತಿಧ್ವನಿ ಹಿಡಿದರು. ಉಲ್ಕಾಪಾತವು ಈ ಪದರದ ಮೇಲೆ ಮಾಡುವ ಪರಿಣಾಮದ ಕುರಿತ ಅವರ ಲೇಖನ 1934ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಹಾಗೆಂದು ಕಂಡದ್ದೆಲ್ಲವನ್ನೂ ಉಲ್ಕಾಪಾತದ ಖಾತೆಗೆ ಬರೆಯಬಾರದು. ಬಿಡಿಬಿಡಿಯಾಗಿ ದಿನವೂ ಬೀಳುವ ಧೂಳೇ ವರ್ಷದ ಮೊತ್ತದಲ್ಲಿ ಹೆಚ್ಚು. ಗಾಳಿಯ ಪಾತ್ರವೂ ದೊಡ್ಡದು. ಇನ್ನು ಅಂಗಡಿಯ ಮೊಬೈಲ್, ಯುಪಿಐ ನಿಂತಾವೆಂಬ ಅಂಜಿಕೆ ಬೇಡ. ಅವುಗಳ ಅಲೆಗಳು ಹತ್ತಿರದ ಗೋಪುರದಿಂದ ಬರುತ್ತವೆ, ಈ ಪದರವನ್ನು ನೆಚ್ಚಿಲ್ಲ.

ಅಪಶಕುನವೆಂದು ಹೆದರಿಸಿದ ಮಗು ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ಆ ನಷ್ಟ ದೊಡ್ಡದು. ಬರುವ ಡಿಸೆಂಬರಿನಲ್ಲಿ ದೀಪ ಆರಿಸಿ, ಕಂಬಳಿ ಹೊದ್ದು, ಮಕ್ಕಳೊಡನೆ ಮಾಳಿಗೆಯ ಮೇಲೆ ಕೂಡೋಣ. ನಡುರಾತ್ರಿಯ ನಂತರ ಉಲ್ಕೆಗಳು ಹೆಚ್ಚು ಕಾಣುತ್ತವೆ.