ಹಳದಿಯಾದದ್ದೆಲ್ಲ ಹಳೆಯದಲ್ಲ

ಹಳೇ ಪತ್ರಿಕೆ ಕೂಡಿಡುವ ಚಟ ನನಗಿದೆ ಎಂಬ ಸುದ್ದಿ ದಾವಣಗೆರೆಯಲ್ಲಿ ಹೇಗೋ ಹಬ್ಬಿಬಿಟ್ಟಿದೆ. ತಿಂಗಳಿಗೊಬ್ಬರಾದರೂ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಳದಿ ಹಾಳೆ ಹಿಡಿದುಕೊಂಡು ಬರುತ್ತಾರೆ. ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದು, ಆಮೇಲೆ ಹಸುಗೂಸನ್ನು ತೊಟ್ಟಿಲಿಂದ ಎತ್ತುವವರ ಹಾಗೆ ಅದನ್ನು ಹೊರತೆಗೆಯುತ್ತಾರೆ. ಮೊನ್ನೆ ಹರಿಹರದಿಂದ ಬಂದಿದ್ದ ಹುಡುಗನೂ ಹಾಗೇ ಮಾಡಿದ. “ನೋಡ್ರಿ ಸಾರ್, ಮುಟ್ಟಿದ್ರ ಪುಡಿ ಉದುರ್ತತಿ. ಏನಿಲ್ಲಂದ್ರೂ ನೂರು ವರ್ಷದ್ದು. ಎಷ್ಟು ಬರ್ಬೋದು?”

ಕನ್ನಡಕ ಏರಿಸಿಕೊಂಡು ನೋಡಿದೆ. ಮುಖಪುಟದಲ್ಲಿ ಕಪಿಲ್ ದೇವ್ ವಿಶ್ವಕಪ್ ಹಿಡಿದು ನಗುತ್ತಿದ್ದರು. 1983ರ ಜೂನ್ ತಿಂಗಳ ಪತ್ರಿಕೆ. ತಾರೀಖು ನೆತ್ತಿಯ ಮೇಲೇ ಅಚ್ಚಾಗಿತ್ತು.

ಇದು ನನಗೆ ಇನ್ನೂ ಬಗೆಹರಿಯದ ಒಗಟು. ಕಂಚಿನ ಚೊಂಬಿನ ಮೇಲೆ ಅದರ ವಯಸ್ಸು ಬರೆದಿರುವುದಿಲ್ಲ, ಮರದ ತೊಟ್ಟಿಲ ಮೇಲೂ ಬರೆದಿರುವುದಿಲ್ಲ. ಹುಟ್ಟಿದ ದಿನ, ತಿಂಗಳು, ವರ್ಷ, ವಾರ ಎಲ್ಲವನ್ನೂ ಹಣೆಯ ಮೇಲೆ ಬರೆದುಕೊಂಡೇ ಮನೆಗೆ ಬರುವುದು ಪತ್ರಿಕೆ. ಜನ ಅದನ್ನು ಓದದೆ ಬಣ್ಣ ನೋಡಿ ವಯಸ್ಸು ಹೇಳುತ್ತಾರೆ. ಓದಲಿಕ್ಕೆಂದೇ ಇರುವ ವಸ್ತುವನ್ನು ಮೂಸಿ ನೋಡಿ, ಉಗುರಿನಲ್ಲಿ ಕೆರೆದು ನೋಡಿ ಪರೀಕ್ಷೆ ಮಾಡುತ್ತಾರೆ.

ಹಳದಿಯಾದಷ್ಟೂ ಹಳೆಯದು, ಹಳೆಯದಾದಷ್ಟೂ ದುಡ್ಡು. ಈ ನಂಬಿಕೆಯ ಎರಡು ಕಾಲೂ ಕುಂಟು.

ಕಾಗದ ಹಳದಿಯಾಗುವುದು ವಯಸ್ಸಿನಿಂದಲ್ಲ, ಹುಟ್ಟಿನಿಂದ. ಬೇರೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ದಾವಣಗೆರೆ, ಹರಿಹರದವರಿಗೂ ಹೇಳಬೇಕಾಗಿ ಬಂದಿರುವುದು ಸೋಜಿಗ. ಒಂದೂರು ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡದ್ದು. ಇನ್ನೊಂದರ ಹೊಳೆಯಾಚೆ, ಕುಮಾರಪಟ್ಟಣದಲ್ಲಿ, ನೀಲಗಿರಿ ಮರ ಬೇಯಿಸಿ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಇದೆ. ಹತ್ತಿ ಮತ್ತು ಮರದ ತಿರುಳು. ಕಾಗದದ ಚರಿತ್ರೆಯೆಲ್ಲ ಈ ಹದಿನಾಲ್ಕು ಹದಿನೈದು ಕಿಲೋಮೀಟರಿನೊಳಗೇ ಅಡಗಿದೆ.

ಹಿಂದೆ ಅಮೆರಿಕ, ಯುರೋಪುಗಳಲ್ಲಿ ಕಾಗದ ಮಾಡುತ್ತಿದ್ದದ್ದು ಹಳೇ ಬಟ್ಟೆಯಿಂದ. ಹರಿದ ಅಂಗಿ, ನಾರುಬಟ್ಟೆ, ಚಿಂದಿ ಎಲ್ಲವನ್ನೂ ಕೊಳೆಹಾಕಿ, ಕುಟ್ಟಿ, ಜಾಲರಿಯಲ್ಲಿ ಎತ್ತಿ ಒಣಗಿಸಿದರೆ ಹಾಳೆ. ಹತ್ತಿಯೆಂದರೆ ಬಹುಪಾಲು ಶುದ್ಧ ಸೆಲ್ಯುಲೋಸ್. ಬೇಗ ಹಳದಿಯಾಗುವ ಗುಣ ಅದಕ್ಕಿಲ್ಲ. ಮರದಲ್ಲಿ ಸೆಲ್ಯುಲೋಸಿನ ಜೊತೆಗೆ ಲಿಗ್ನಿನ್ ಎಂಬ ಅಂಟೂ ಇರುತ್ತದೆ. ಮರ ನೆಟ್ಟಗೆ ನಿಲ್ಲುವುದೇ ಅದರಿಂದ. ಅದಕ್ಕೆ ಬೆಳಕು, ಗಾಳಿ ತಗುಲಿದರೆ ಬಣ್ಣ ತಿರುಗುತ್ತದೆ. ಕುಮಾರಪಟ್ಟಣದಲ್ಲಿ ಕಷ್ಟಪಟ್ಟು ತೆಗೆದುಹಾಕುವುದು ಈ ಅಂಟನ್ನೇ. ಅದು ಹೋದ ಮೇಲೆ ಉಳಿದ ಬಿಳಿ ತಿರುಳು ರೇಯಾನ್ ನೂಲಿಗೆ ಹೋಗುತ್ತದೆ. ಸುದ್ದಿ ಕಾಗದಕ್ಕೆ ಅಷ್ಟೆಲ್ಲ ಉಪಚಾರವಿಲ್ಲ. ನಾಳೆ ಬೆಳಿಗ್ಗೆ ಮಂಡಕ್ಕಿ ಪೊಟ್ಟಣವಾಗುವ ಹಾಳೆಗೆ ಯಾರು ಖರ್ಚು ಮಾಡುತ್ತಾರೆ? ಮರವನ್ನು ಹಾಗೇ ಅರೆದು, ಅಂಟಿನ ಸಮೇತ ಹಾಳೆ ಮಾಡುತ್ತಾರೆ. ಹಿಂದೆ ಶಾಯಿ ಹರಡದಿರಲೆಂದು ಪಟಿಕದ ಅಂಶವನ್ನೂ ಸೇರಿಸುತ್ತಿದ್ದರು. ಅದರ ಆಮ್ಲ ಹಾಳೆಯನ್ನು ಒಳಗಿನಿಂದಲೇ ತಿಂದು ಗರಿಗರಿ ಹಪ್ಪಳ ಮಾಡುತ್ತದೆ.

ನಂಬಿಕೆ ಬರದಿದ್ದರೆ ಇವತ್ತಿನ ಪತ್ರಿಕೆಯನ್ನು ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಹಾಸಿ, ಅರ್ಧಕ್ಕೆ ಇಟ್ಟಿಗೆ ಮುಚ್ಚಿಡಿ. ನಾಲ್ಕು ದಿನ ಬಿಟ್ಟು ಇಟ್ಟಿಗೆ ಎತ್ತಿ ನೋಡಿ. ತೆರೆದಿದ್ದ ಅರ್ಧಕ್ಕೆ ವಯಸ್ಸಾಗಿರುತ್ತದೆ, ಮುಚ್ಚಿದ್ದ ಅರ್ಧ ಇನ್ನೂ ಇವತ್ತಿನದೇ.

ಮರ ಅರೆದು ಕಾಗದ ಮಾಡುವ ವಿದ್ಯೆ ಬಂದದ್ದು 1840ರ ದಶಕದಲ್ಲಿ. ಜರ್ಮನಿಯಲ್ಲಿ ಕೆಲ್ಲರ್, ಕೆನಡಾದಲ್ಲಿ ಚಾರ್ಲ್ಸ್ ಫೆನರ್ಟಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅದನ್ನು ಕಂಡುಕೊಂಡರು. ಫೆನರ್ಟಿ ತನ್ನ ಹಾಳೆಯ ತುಣುಕನ್ನು 1844ರಲ್ಲಿ ಹ್ಯಾಲಿಫ್ಯಾಕ್ಸಿನ ಒಂದು ಪತ್ರಿಕೆಗೇ ಕಳಿಸಿದ. ಅದಕ್ಕೆ ಒಂದು ವರ್ಷ ಮೊದಲು, 1843ರ ಜುಲೈ 1ರಂದು, ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಿದ್ದರು. ಕನ್ನಡದ ಮೊದಲ ಪತ್ರಿಕೆ ಅರೆದ ಮರದ ಕಾಗದದ್ದಾಗಿರಲು ಸಾಧ್ಯವೇ ಇಲ್ಲ ಎಂದಾಯಿತು. ನಾಳೆ ಯಾರಾದರೂ ಹಪ್ಪಳದಂಥ ‘ಮಂಗಳೂರ ಸಮಾಚಾರ’ ತಂದರೆ ನಾನು ಕಾಫಿಯನ್ನೂ ಕೊಡುವುದಿಲ್ಲ. ಅಮೆರಿಕದ ಪತ್ರಿಕೆಗಳು ಮರಕ್ಕೆ ತಿರುಗಿದ್ದು ಹೆಚ್ಚೂಕಡಿಮೆ 1870ರ ನಂತರ. ನಮ್ಮ ದೇಶದಲ್ಲಿ ಸುದ್ದಿ ಕಾಗದದ ಮೊದಲ ಕಾರ್ಖಾನೆ ಮಧ್ಯಪ್ರದೇಶದ ನೇಪಾನಗರದ್ದು. ಅಲ್ಲಿ ಉತ್ಪಾದನೆ ಶುರುವಾದದ್ದೇ 1950ರ ದಶಕದಲ್ಲಿ. ಅದಕ್ಕೂ ಮುಂಚೆ ಎಲ್ಲ ಹಡಗಿನಲ್ಲಿ ಬರಬೇಕಿತ್ತು. ನಮ್ಮ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಹಳೆಯದಾದರೂ ಸುದ್ದಿ ಕಾಗದಕ್ಕೆ ಕೈಹಾಕಿದ್ದು 80ರ ದಶಕದಲ್ಲಿ.

ನನ್ನ ಬಳಿ 1820ರ ದಶಕದ ಅಮೆರಿಕದ ಪತ್ರಿಕೆಯೊಂದಿದೆ. ಅಲ್ಲಿರುವ ಅಣ್ಣನ ಮಗ ತಂದುಕೊಟ್ಟದ್ದು. ಹರಿಹರದ ಹುಡುಗನ ಕಪಿಲ್ ದೇವ್ ಪಕ್ಕದಲ್ಲಿ ಅದನ್ನು ಹಾಸಿದೆ. ಪಂಚೆ ಮಡಿಚಿದಂತೆ ಮಡಿಚಬಹುದು. ಬಣ್ಣ ತೊಳೆದ ಅಕ್ಕಿಯದು. ಹುಡುಗ ಮುಟ್ಟಿ ನೋಡಿ, “ಇದು ಜೆರಾಕ್ಸ್ ಇರ್ಬೇಕಲ್ರಿ?” ಅಂದ. ಇನ್ನೂರು ವರ್ಷದ್ದು ನಕಲಿ, ನಲವತ್ತು ವರ್ಷದ್ದು ಅಸಲಿ!

ಈ ಬಣ್ಣದ ಭ್ರಮೆಯಿಂದ ಹೊಟ್ಟೆ ಹೊರೆಯುವವರೂ ಇದ್ದಾರೆ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಹೆಂಚಿನ ಮೇಲೆ ಕಾಯಿಸಿದರೆ ಯಾವ ಹಾಳೆಗೂ ಮುಪ್ಪು ಬರುತ್ತದೆ. ಸ್ವಾತಂತ್ರ್ಯದ ದೊಡ್ಡ ವಾರ್ಷಿಕೋತ್ಸವ ಬಂದಾಗಲೆಲ್ಲ ಪತ್ರಿಕೆಗಳು ತಮ್ಮ 1947ರ ಆಗಸ್ಟ್ 15ರ ಮುಖಪುಟವನ್ನು ಮತ್ತೆ ಅಚ್ಚುಹಾಕಿ ಹಂಚುವುದುಂಟು. ಅದರ ಬುಡದಲ್ಲಿ ‘ಮರುಮುದ್ರಣ’ ಎಂದಿರುವ ಸಾಲನ್ನು ಕತ್ತರಿಸಿದರೆ, ಮೇಲೊಂದಿಷ್ಟು ಚಹಾ ಚಿಮುಕಿಸಿದರೆ ಮುಗಿಯಿತು, “ನಮ್ಮಜ್ಜ ಇಟ್ಟಿದ್ದು.” ಇವುಗಳಲ್ಲಿ ಮುಕ್ಕಾಲು ಪಾಲನ್ನು ನಾನು ಬೆರಳಿನಿಂದಲೇ ಹಿಡಿಯುತ್ತೇನೆ. ಆಗಿನದು ಸೀಸದ ಮೊಳೆಯ ಅಚ್ಚು. ಅಕ್ಷರ ಹಾಳೆಗೆ ಒತ್ತಿರುತ್ತದೆ, ಹಿಂಬದಿ ಸವರಿದರೆ ಬೆರಳಿಗೆ ತಾಗುತ್ತದೆ. ಆಫ್‌ಸೆಟ್ಟಿನದು ನುಣ್ಣಗೆ. ಅದಕ್ಕಿಂತ ಸುಲಭದ ಪರೀಕ್ಷೆಯೆಂದರೆ ಹಾಳೆ ತಿರುಗಿಸಿ ನೋಡುವುದು. ದೇಶ ಸ್ವತಂತ್ರವಾದ ದಿನ ಪತ್ರಿಕೆಯವರು ಹಿಂದಿನ ಪುಟ ಖಾಲಿ ಬಿಟ್ಟಿದ್ದರೇ? ತಂದವರು ತಿರುಗಿಸಿಯೇ ಇರುವುದಿಲ್ಲ.

ಅಮೆರಿಕದಲ್ಲಿ ಇದರ ಅಜ್ಜಿಯಂಥ ಕತೆಯಿದೆ. ಜಾರ್ಜ್ ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರಿನಲ್ಲಿ. ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ ಎಂಬ ಊರಿನ ‘ಅಲ್ಸ್ಟರ್ ಕೌಂಟಿ ಗೆಜೆಟ್’ 1800ರ ಜನವರಿ 4ರ ಸಂಚಿಕೆಯಲ್ಲಿ ಕಪ್ಪು ಅಂಚು ಹಾಕಿ ಆ ಸುದ್ದಿ ಕೊಟ್ಟಿತ್ತು. ಮುಂದೆ ಇದನ್ನು ಸ್ಮರಣಿಕೆಯೆಂದು ಮತ್ತೆ ಮತ್ತೆ, ಹತ್ತಾರು ಬಾರಿ, ಅಚ್ಚುಹಾಕಿ ಮಾರಿದರು. ಮರದ ಕಾಗದದ ಆ ಮರುಮುದ್ರಣಗಳು ಹಳದಿಯಾದವು. ಮೊಮ್ಮಕ್ಕಳು ಪೆಟ್ಟಿಗೆ ತೆರೆದರು. ಅಸಲಿ ಪ್ರತಿ ಕೈಬೆರಳೆಣಿಕೆಯಷ್ಟೂ ಸಿಕ್ಕಿಲ್ಲ. ನಕಲು ಹಿಡಿದು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯಕ್ಕೆ ಬರೆದವರು ಎಷ್ಟು ಮಂದಿಯೆಂದರೆ, ಅಲ್ಲಿಯವರು ಉತ್ತರ ಬರೆದು ಬರೆದು ಸಾಕಾಗಿ, ಅಸಲಿ-ನಕಲಿ ಗುರುತಿಸುವ ಬಗೆ ಹೇಳುವ ಕರಪತ್ರವನ್ನೇ ಅಚ್ಚುಹಾಕಿಸಿಕೊಂಡರು. ಆ ಗುರುತುಗಳಲ್ಲಿ ಮುಖ್ಯವಾದದ್ದು ಕಾಗದವೇ. ಅಸಲಿಯದು ಚಿಂದಿಬಟ್ಟೆಯ ಕಾಗದ. ನನಗೂ ಅಂಥದೊಂದು ಕರಪತ್ರ ಮಾಡಿಸಿ ಗೇಟಿಗೆ ಅಂಟಿಸುವ ಯೋಚನೆಯಿದೆ.

ಇನ್ನು ಬೆಲೆ. ಅಮೆರಿಕದ ಇನ್ನೂರು ವರ್ಷದ ಹಳೇ ಪತ್ರಿಕೆ, ಅದರಲ್ಲಿ ವಿಶೇಷ ಸುದ್ದಿಯೇನೂ ಇಲ್ಲದಿದ್ದರೆ, ಹತ್ತಿಪ್ಪತ್ತು ಡಾಲರಿಗೂ ಸಿಗುತ್ತದೆ. ಮನೆಮಂದಿಯನ್ನು ಕರೆದುಕೊಂಡು ಹೋಗಿ ಬೆಣ್ಣೆದೋಸೆ ತಿಂದರೆ ಆಗುವಷ್ಟು ಖರ್ಚು. ಬೆಲೆ ಕಟ್ಟುವುದು ವಯಸ್ಸಲ್ಲ, ಅದರಲ್ಲಿ ಏನಿದೆ, ಎಷ್ಟು ಪ್ರತಿ ಉಳಿದಿದೆ, ಯಾರಿಗೆ ಬೇಕಾಗಿದೆ ಎಂಬುದು.

ಹಳದಿಗೆ ಮರುಳಾದವರು ನಮ್ಮ ಹುಡುಗರಷ್ಟೇ ಅಲ್ಲ, ಓದಿದವರೂ ಮರುಳಾದರು, ಉಲ್ಟಾ ದಿಕ್ಕಿನಲ್ಲಿ. ಹಳದಿಯಾದ ಕಾಗದ ಇಂದೋ ನಾಳೆಯೋ ಪುಡಿಯಾಗುತ್ತದೆ ಎಂದು ನಂಬಿದ ದೊಡ್ಡ ದೊಡ್ಡ ಗ್ರಂಥಾಲಯಗಳು ಪತ್ರಿಕೆಗಳನ್ನು ಮೈಕ್ರೋಫಿಲಂ ಮಾಡಿಸಿಕೊಂಡು ಅಸಲು ಸಂಪುಟಗಳನ್ನು ಮಾರಿದವು, ಎಸೆದವು. 1999ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನ ಅಮೆರಿಕನ್ ಪತ್ರಿಕೆಗಳ ಸಂಪುಟಗಳನ್ನು ಹರಾಜಿಗಿಟ್ಟಾಗ ನಿಕೋಲ್ಸನ್ ಬೇಕರ್ ಎಂಬ ಕಾದಂಬರಿಕಾರ ನಿವೃತ್ತಿಗೆಂದು ಕೂಡಿಟ್ಟ ದುಡ್ಡನ್ನು ಸುರಿದು ಸಾವಿರಾರು ಸಂಪುಟ ಕೊಂಡ. ಪುಲಿಟ್ಜರರ ‘ನ್ಯೂಯಾರ್ಕ್ ವರ್ಲ್ಡ್’ನ ಬಣ್ಣದ ಪುಟಗಳು ಅದರಲ್ಲಿದ್ದವು. ಕಪ್ಪುಬಿಳುಪು ಫಿಲಮ್ಮಿನಲ್ಲಿ ಆ ಬಣ್ಣ ಎಲ್ಲಿಂದ ಬರಬೇಕು? ಬೇಕರ್ ಪುಟ ತಿರುಗಿಸಿ ಓದಿದ, ಏನೂ ಪುಡಿಯಾಗಲಿಲ್ಲ. ಆ ಸಂಗ್ರಹ 2004ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಸೇರಿತು.

ಸಣ್ಣಪುಟ್ಟ ಭ್ರಮೆಗಳು ಇನ್ನೂ ಇವೆ. ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತ ಅನ್ನುತ್ತಾರೆ. ಶಾಶ್ವತ ಹೌದು, ಹೆಣಕ್ಕೆ ಮುಚ್ಚಿದ ಬಟ್ಟೆಯಷ್ಟು. ಬಿಸಿ ಪ್ಲಾಸ್ಟಿಕ್ಕು ಹಾಳೆಯೊಳಗೆ ಇಳಿದ ಮೇಲೆ ಬಿಡಿಸಲಾಗದು, ಒಳಗಿನ ಆಮ್ಲವೂ ಒಳಗೇ ಉಳಿಯುತ್ತದೆ. ಸೆಲೋಟೇಪು ಹಚ್ಚುವವರನ್ನು ನಾನು ಮಾತಾಡಿಸುವುದೇ ಇಲ್ಲ. ಅಚ್ಚಿನ ತಪ್ಪಿದ್ದರೆ ಬೆಲೆ ಹೆಚ್ಚು ಎನ್ನುವುದು ಅಂಚೆಚೀಟಿಯವರ ಮಾತು. ತಪ್ಪಿಗೆ ಬೆಲೆಯಿದ್ದಿದ್ದರೆ ಕನ್ನಡ ಪತ್ರಿಕೆಗಳನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಇನ್ನು ಆಗಸ್ಟ್ 15ರ ಪತ್ರಿಕೆ ಅಪರೂಪ ಎಂಬುದು. ಎಲ್ಲರೂ ಎತ್ತಿಟ್ಟುಕೊಂಡದ್ದು ಅಪರೂಪ ಹೇಗಾದೀತು?

ನಿಜಕ್ಕೂ ಸಿಗದಿರುವುದು ಯಾರೂ ಎತ್ತಿಡದ ದಿನಗಳವು. 1927ರ ಆಗಸ್ಟ್ 12ರಂದು ಗಾಂಧೀಜಿ ದಾವಣಗೆರೆಯಲ್ಲಿ ಮಾತಾಡಿದರು. 1942ರ ಚಳವಳಿಯಲ್ಲಿ ಇಲ್ಲಿ ಗೋಲಿಬಾರಾಗಿ ಜನ ಸತ್ತರು. 1947ರಲ್ಲಿ, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ, ಮೈಸೂರು ಸಂಸ್ಥಾನದ ಈ ಊರುಗಳು ಜವಾಬ್ದಾರಿ ಸರ್ಕಾರಕ್ಕಾಗಿ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಆಗ ಹರಿಹರದಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಅದು ಮುಂಬಯಿ ಪ್ರಾಂತ. ಹೊಳೆಯ ಈಚೆ ಚಳವಳಿ, ಆಚೆ ಸ್ವತಂತ್ರ ಭಾರತ. ಆ ಸೆಪ್ಟೆಂಬರಿನ ಒಂದು ಮಾಮೂಲಿ ದಿನದ ಪತ್ರಿಕೆ ಯಾರಾದರೂ ತಂದರೆ, ಹೇಳಿದ ಬೆಲೆ ಕೊಡಲು ನಾನು ತಯಾರು. ಇಷ್ಟು ಹಿಂದೆ ಹೋಗುವುದೂ ಬೇಡ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತಲ್ಲ, ಆ ಸುದ್ದಿ ಬಂದ ಪತ್ರಿಕೆ ಇದೆಯೇ ಎಂದು ಬಂದವರನ್ನೆಲ್ಲ ಕೇಳುತ್ತೇನೆ. ಸ್ವಂತ ಜಿಲ್ಲೆ ಹುಟ್ಟಿದ ಸುದ್ದಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ತಿಂದಾಗಿದೆ. ಇಟ್ಟುಕೊಂಡಿರುವುದು ಮಾತ್ರ ಚಹಾ ಬಳಿದ ನೆಹರೂ ಫೋಟೊ.

ಇದು ಪತ್ರಿಕೆಯೊಂದರ ರೋಗವೂ ಅಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತಾರಂತೆ. ಹಳೇ ಟಿವಿಯೊಳಗೆ ಕೆಂಪು ಪಾದರಸವಿದೆಯಂತೆ. ಅಕ್ಕಿ ಎಳೆಯುವ ತಾಮ್ರದ ಚೊಂಬಿಗೆ ಕೋಟಿಯಂತೆ. ಮಣ್ಣುಮುಕ್ಕ ಹಾವಿಗೆ ಎರಡು ತಲೆಯಂತೆ. ಪಾಪ, ಅದಕ್ಕಿರುವುದು ಒಂದೇ ತಲೆ, ಅದನ್ನೂ ಇವರು ಉಳಿಸುವುದಿಲ್ಲ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಕಮಿಷನ್ ಕೀಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಿತು. ಆ ಪ್ರಕಟಣೆಯೂ ಪತ್ರಿಕೆಯಲ್ಲೇ ಬಂದಿತ್ತು. ಮೊಬೈಲಿನಲ್ಲಿ ಯಾರೋ ಗೊತ್ತಿಲ್ಲದವನು ‘ನಿಮ್ಮ ಮನೆಯಲ್ಲೂ ಇದು ಇರಬಹುದು’ ಅಂದರೆ ಸಾಕು, ಅಟ್ಟ ಹತ್ತುತ್ತಾರೆ. ಸಾಲಕ್ಕೆ, ಮದುವೆಗೆ, ಕೊಳವೆಬಾವಿಗೆ ದಿಢೀರನೆ ದಾರಿ ಕಂಡಂತಾಗುತ್ತದೆ. ಆ ಆಸೆ ನನಗೆ ಅರ್ಥವಾಗುತ್ತದೆ. ಅಟ್ಟದಿಂದ ಇಳಿಸಿದ್ದನ್ನು ಒಮ್ಮೆ ಓದಿ ನೋಡದಿರುವುದು ಅರ್ಥವಾಗುವುದಿಲ್ಲ.

ಹರಿಹರದ ಹುಡುಗ ಹೊರಡಲು ಎದ್ದ. ಬಾಗಿಲವರೆಗೆ ಹೋಗಿ ಕೇಳಿದೆ, “ಇದು ಎಲ್ಲಿತ್ತಪ್ಪಾ?”

“ನಮ್ಮಜ್ಜಾರ ಟ್ರಂಕಿನಾಗ ಮ್ಯಾಲ ಹಾಸಿತ್ರಿ ಸಾರ್. ಅಜ್ಜಾರದು ದಾವಣಗೆರೆಯಾಗ ಹತ್ತಿ ದಲಾಲಿ ಅಂಗಡಿ ಇತ್ತು.”

“ಕೆಳಗೇನಿತ್ತು?”

“ಕಿರ್ದಿ, ಖಾತೆ ಪುಸ್ತಕ. ಕೆಂಪು ಬಟ್ಟಿ ಕಟ್ಟಿದ್ವು. ಒಂದಿಷ್ಟು ಕಾಗದಪತ್ರ, ಪೇಪರೂ ಇದ್ವು. ಭಾಳ ದಪ್ಪ, ಗಟ್ಟಿ.”

“ಅವನ್ನ ತರ್ಲಿಲ್ವಾ?”

“ಬೆಳ್ಳಗ ಇದ್ವಲ್ರಿ ಸಾರ್,” ಅಂದ. “ಹೋದ ದೀಪಾವಳಿಗೇ ಗುಜರಿಗೆ ಹಾಕಿದ್ವಿ.”